ಒಂದು ಹಲ್ಲಿನ ಅಂತರ

ಕೆಟ್ಟು ನಿಂತ ವಸ್ತುವಿಗಿಂತ ಅರೆಬರೆಯಾಗಿ ದುರಸ್ತಾದ ವಸ್ತುವೇ ಲೋಕದಲ್ಲಿ ಹೆಚ್ಚು ತೊಂದರೆ ಕೊಡುವುದು. ಕೆಟ್ಟದ್ದು ತಾನು ಕೆಟ್ಟಿರುವೆನೆಂದು ಒಪ್ಪಿಕೊಂಡು ಮೂಲೆಯಲ್ಲಿ ನಿಂತಿರುತ್ತದೆ. ಅದರಿಂದ ಯಾರೂ ಏನನ್ನೂ ನಿರೀಕ್ಷಿಸುವುದಿಲ್ಲ. ಅರೆಬರೆ ದುರಸ್ತಾದದ್ದಾದರೋ ಸರಿಯಾಗಿರುವಂತೆ ನಟಿಸಿ, ನಂಬಿದವರನ್ನು ಮನೆಯಿಂದ ಹೊರಡಿಸಿ, ನಡುದಾರಿಯಲ್ಲಿ ಕೈಬಿಡುತ್ತದೆ. ಅರಸೀಕೆರೆಯ ಮೇಷ್ಟರೊಬ್ಬರಿಗೆ ಈ ತತ್ತ್ವವು 2019ರ ಜೂನ್ ತಿಂಗಳ ಒಂದು ಬೆಳಿಗ್ಗೆ, ಹಾರನಹಳ್ಳಿಯ ರಸ್ತೆಯಲ್ಲಿ, ಬೈಕನ್ನು ನೂಕುತ್ತ ನಡೆಯುವಾಗ ಹೊಳೆಯಿತು.

ಮೇಷ್ಟರು ಹೈಸ್ಕೂಲಿನಲ್ಲಿ ವಿಜ್ಞಾನವನ್ನು ಬೋಧಿಸಿ 2009ರಲ್ಲಿ ನಿವೃತ್ತರಾದವರು. ಅವರ ಬೈಕು 1989ರಲ್ಲಿ ಕೊಂಡದ್ದು. ಹೀರೋ ಹೋಂಡಾ ಕಂಪನಿಯ ಸಿ.ಡಿ. 100. ಭಾರತದ ಹೀರೋ ಮನೆತನವೂ ಜಪಾನಿನ ಹೋಂಡಾ ಕಂಪನಿಯೂ 1984ರಲ್ಲಿ ಕೂಡಿ ನಡೆಸಿದ ಆ ವ್ಯವಹಾರವು ಮುರಿದು, 2011ರಲ್ಲಿ ಕಂಪನಿಯ ಹೆಸರೇ ಬದಲಾಯಿತು. ಆದರೂ ಹಳೆಯ ಹೆಸರನ್ನು ಹೊತ್ತ ಗಾಡಿಗಳು ಹಳ್ಳಿಯ ರಸ್ತೆಗಳಲ್ಲಿ ಹಾಲಿನ ಕ್ಯಾನುಗಳನ್ನೂ ತೆಂಗಿನಕಾಯಿಯ ಚೀಲಗಳನ್ನೂ ಹೊತ್ತು ಓಡಾಡುತ್ತಲೇ ಇದ್ದುವು. ಮೇಷ್ಟರ ಗಾಡಿಯು ಹೊತ್ತದ್ದು ಪ್ರಾಯೋಗಿಕ ಪರೀಕ್ಷೆಯ ಪುಸ್ತಕಗಳನ್ನು, ಇಬ್ಬರು ಮಕ್ಕಳನ್ನು, ಅವರಿಬ್ಬರೂ ಬೆಂಗಳೂರು ಸೇರಿದ ಮೇಲೆ ವಾರಕ್ಕೊಮ್ಮೆ ಹಾರನಹಳ್ಳಿಯ ಅಕ್ಕನಿಗೆ ಕೊಂಡೊಯ್ಯುವ ಔಷಧವನ್ನು. ಅಕ್ಕನಿಗೆ ಆಗ 76 ವರ್ಷ, ಮೇಷ್ಟರಿಗೆ 70. ಎರಡು ಕಣ್ಣಿಗೂ ಪೊರೆ ಬಂದು ಆಕೆಗೆ ದೀಪದ ಸುತ್ತ ಹೊಗೆ ಕವಿದಂತೆ ಕಾಣುತ್ತಿತ್ತು. ಅರಸೀಕೆರೆಯಲ್ಲಿ ಕಣ್ಣಿನ ತಪಾಸಣೆಯ ಶಿಬಿರವೊಂದು ನಡೆಯುವುದಾಗಿ ಗೊತ್ತಾದಾಗ, ಬೆಳಿಗ್ಗೆ ಎಂಟಕ್ಕೆಲ್ಲ ಬಂದು ಕರೆದುಕೊಂಡು ಹೋಗುವೆನೆಂದು ಮೇಷ್ಟರು ಮಾತು ಕೊಟ್ಟಿದ್ದರು.

ಅದಕ್ಕೆ ಎರಡು ದಿನ ಮುಂಚೆ ಎಂಜಿನ್ನಿನ ಎಡಮಗ್ಗುಲಲ್ಲಿ ಅವಲಕ್ಕಿ ಕುಟ್ಟಿದಂತಹ ಸದ್ದು ಹೆಚ್ಚಾಯಿತು. ಟೈಮಿಂಗ್ ಚೈನು ಸವೆದು ಉದ್ದವಾಗಿದೆಯೆಂದು ಗ್ಯಾರೇಜಿನವನು ಕೇಳಿದೊಡನೆಯೇ ಹೇಳಿದ. ಆತ ಮೇಷ್ಟರ ಹಳೆಯ ಶಿಷ್ಯ, 1996ರಲ್ಲಿ ಎಸ್.ಎಸ್.ಎಲ್.ಸಿ. ಪರೀಕ್ಷೆಗೆ ಕುಳಿತು, ವಿಜ್ಞಾನವೊಂದರಲ್ಲಿ ಕೆಲವೇ ಅಂಕಗಳಿಂದ ಸೋತು, ಪುಸ್ತಕವನ್ನು ಕಟ್ಟಿಟ್ಟು ಸ್ಪ್ಯಾನರು ಹಿಡಿದವನು. “ನಾಳೆ ಮಧ್ಯಾಹ್ನ ತಗೊಳ್ಳಿ ಸಾರ್, ನಿಧಾನವಾಗಿ ಮಾಡಿಕೊಡ್ತೀನಿ” ಎಂದ. ಮೇಷ್ಟರು, “ನಾಳೆ ಬೆಳಿಗ್ಗೆ ನನಗೆ ಹಾರನಹಳ್ಳಿಯಲ್ಲಿ ಬೇರೆ ಕೆಲಸವಿದೆಯಯ್ಯ, ಇವತ್ತೇ ಸಂಜೆ ಆಗಬೇಕು” ಎಂದು ಪಟ್ಟು ಹಿಡಿದರು. ಸಂಜೆ ಐದಕ್ಕೆ ಬಂದು ಬಾಗಿಲಲ್ಲಿ ನಿಂತರು, ಆರಕ್ಕೆ ಕೆಮ್ಮಿದರು, ಏಳಕ್ಕೆ ಗಡಿಯಾರವನ್ನು ನೋಡಿದರು. ದೀಪದ ಬೆಳಕಿನಲ್ಲಿ ಕೆಲಸ ಮುಗಿಯಿತು. ಹೊಸ ಚೈನಿನ ಬೆಲೆಯನ್ನೂ ಕೂಲಿಯನ್ನೂ ತೆತ್ತು ಮೇಷ್ಟರು ಮನೆಗೆ ಬಂದರು.

ಮರುದಿನ ಹೇಗೋ ಓಡಿದ ಗಾಡಿ, ಅದರ ಮರುದಿನ, ಅಂದರೆ ಶಿಬಿರದ ದಿನ, ಇಪ್ಪತ್ತು ಸಲ ಕಿಕ್ಕರ್ ತುಳಿದ ಮೇಲೆ ಎಚ್ಚೆತ್ತಿತು. ಊರ ಹೊರಗಿನ ಸಣ್ಣ ಏರಿನಲ್ಲಿ ಉಬ್ಬಸದವನಂತೆ ಏದಿತು. ಕಾರ್ಬುರೇಟರಿನ ಕಡೆಯಿಂದ ಎರಡು ಸಲ ಸೀನಿ ನಿಂತೇ ಹೋಯಿತು. ಅಂದು ಮೇಷ್ಟರು ಅಕ್ಕನ ಮನೆಯನ್ನು ತಲಪಿದಾಗ ಹತ್ತೂವರೆ ದಾಟಿತ್ತು. ಆಕೆ ಒಗೆದ ಸೀರೆಯುಟ್ಟು, ಆಧಾರದ ಕಾಗದವನ್ನೂ ಒಂದು ತಂಬಿಗೆ ನೀರನ್ನೂ ಚೀಲದಲ್ಲಿಟ್ಟುಕೊಂಡು, ಬೆಳಿಗ್ಗೆ ಏಳರಿಂದ ಜಗಲಿಯ ಮೇಲೆ ಕುಳಿತಿದ್ದಳು. ಇಬ್ಬರೂ ಬಸ್ಸು ಹಿಡಿದು ಅರಸೀಕೆರೆಗೆ ಬರುವಷ್ಟರಲ್ಲಿ ಆ ದಿನದ ಹೆಸರುಗಳೆಲ್ಲ ತುಂಬಿಹೋಗಿದ್ದುವು. ಮುಂದಿನ ಶಿಬಿರ ಎರಡು ತಿಂಗಳ ಮೇಲೆ. “ಹೋಗಲಿ ಬಿಡೋ, ಇಷ್ಟು ದಿನ ಕಾಣದೆ ಇದ್ದದ್ದು ಇನ್ನೆರಡು ತಿಂಗಳು ಕಾಣದೆ ಇದ್ದೀತು” ಎಂದು ಅಕ್ಕ ನಕ್ಕಳು. ಆ ನಗೆಯನ್ನು ಮೇಷ್ಟರು ತಾಳಲಾರದೆ ಹೋದರು.

ಸಿಟ್ಟು ತಾನು ಹುಟ್ಟಿದ ಜಾಗದಲ್ಲಿಯೇ ಇಳಿಯುವುದು ಅಪರೂಪ. ಮೇಷ್ಟರು ನೇರವಾಗಿ ಗ್ಯಾರೇಜಿಗೆ ನಡೆದರು. ಅಲ್ಲಿ ನಾಲ್ಕು ಜನ ಗಿರಾಕಿಗಳೂ ಕೆಲಸ ಕಲಿಯುವ ಇಬ್ಬರು ಹುಡುಗರೂ ಇದ್ದರು. ಅವರೆಲ್ಲರ ಮುಂದೆ, “ಅಂದು ನಿನಗೆ ವಿಜ್ಞಾನ ಎಷ್ಟು ಬಂತೋ ಇಂದು ಈ ವಿದ್ಯೆಯೂ ಅಷ್ಟೇ ಬಂತು” ಎಂದುಬಿಟ್ಟರು. ಆತ ಎದುರುತ್ತರ ಕೊಡಲಿಲ್ಲ. ಕೈಯನ್ನು ಬಟ್ಟೆಗೆ ಒರಸಿಕೊಂಡು, “ಗಾಡಿ ಕಳಿಸಿ ಸಾರ್, ಮತ್ತೆ ಬಿಚ್ಚಿ ನೋಡ್ತೀನಿ, ಕಾಸು ಬೇಡ” ಎಂದ. “ನಿನ್ನ ಕೈಗೆ ಇನ್ನು ಕೊಡಲಾರೆ, ನಾನೇ ಮಾಡಿಕೊಳ್ಳಬಲ್ಲೆ” ಎಂದು ಮೇಷ್ಟರು ಹಿಂತಿರುಗಿದರು.

ಹೀಗೆ ಬಾಯಿಂದ ಹೊರಟ ಮಾತನ್ನು ನಡೆಸಿಕೊಡುವ ಹೊಣೆಯು ಎಪ್ಪತ್ತರ ವಯಸ್ಸಿನಲ್ಲಿ ಅವರ ಕೊರಳಿಗೆ ಬಿತ್ತು. ಮನೆಯಾಕೆ ಗಂಡನ ಮುಖವನ್ನೂ ಗಾಡಿಯನ್ನೂ ಒಮ್ಮೆ ನೋಡಿ, “ಬಿಚ್ಚುವುದೇನೋ ಬಿಚ್ಚುತ್ತೀರಿ, ಕೂಡಿಸುವುದಕ್ಕೆ ಯಾರನ್ನು ಕರೆಯಬೇಕು ಎಂಬುದನ್ನು ಮೊದಲೇ ಹೇಳಿಬಿಡಿ” ಎಂದರು. ಆದರೂ ಮೊಳೆ, ತಿರುಪುಗಳನ್ನು ಇಡುವುದಕ್ಕೆ ಅಂಚು ನಗ್ಗಿದ ಎರಡು ಊಟದ ತಟ್ಟೆಗಳನ್ನು ತಂದುಕೊಟ್ಟರು. ಮೇಷ್ಟರು ಸ್ನೇಹಿತರೊಬ್ಬರಿಂದ ಗಾಡಿಯ ದುರಸ್ತಿಯ ಕೈಪಿಡಿಯನ್ನು ತರಿಸಿ ಮೂರು ದಿನ ಓದಿದರು. ನಾಲ್ಕನೆಯ ದಿನ ಹಿತ್ತಲ ಹೊಂಗೆಯ ನೆರಳಿನಲ್ಲಿ ಗೋಣಿತಾಟು ಹಾಸಿ ಕುಳಿತರು.

ಈ ಟೈಮಿಂಗ್ ಚೈನು ಎಂಬುದು ಯಂತ್ರದ ಹೊರಗೆ ಕಾಣುವ ವಸ್ತುವಲ್ಲವಾದ್ದರಿಂದ ಅದರ ಕೆಲಸವನ್ನು ಎರಡು ಮಾತಿನಲ್ಲಿ ಹೇಳುವುದು ಯುಕ್ತ. ಜರ್ಮನಿಯ ನಿಕೊಲಾಸ್ ಓಟೊ 1876ರಲ್ಲಿ ನಡೆಯಿಸಿ ತೋರಿಸಿದ ಎಂಜಿನ್ನು ನಾಲ್ಕು ಹೊಡೆತಗಳದು: ಪಿಸ್ಟನ್ನು ಒಮ್ಮೆ ಇಳಿದು ಗಾಳಿ ಪೆಟ್ರೋಲುಗಳ ಮಿಶ್ರಣವನ್ನು ಒಳಗೆಳೆಯುವುದು, ಏರಿ ಅದನ್ನು ಒತ್ತುವುದು, ಕಿಡಿ ತಗಲಿ ಉರಿದ ಅನಿಲವು ನೂಕಲು ಮತ್ತೆ ಇಳಿಯುವುದು, ಕಡೆಗೆ ಏರಿ ಹೊಗೆಯನ್ನು ಹೊರಹಾಕುವುದು. ಇಷ್ಟಾಗುವಷ್ಟರಲ್ಲಿ ಕೆಳಗಿನ ಕ್ರ್ಯಾಂಕು ಎರಡು ಸುತ್ತು ಸುತ್ತಿರುತ್ತದೆ. ಆದರೆ ಒಳಬಾಗಿಲಾದ ಒಂದು ವಾಲ್ವೂ ಹೊರಬಾಗಿಲಾದ ಇನ್ನೊಂದು ವಾಲ್ವೂ ಒಂದೊಂದು ಸಲವೇ ತೆರೆದುಕೊಳ್ಳಬೇಕು. ಅವನ್ನು ತೆರೆಯಿಸುವ ಕ್ಯಾಮು ಎಂಬ ಉಬ್ಬುಳ್ಳ ದಂಡವು ಅದಕ್ಕಾಗಿ ಕ್ರ್ಯಾಂಕಿನ ಅರ್ಧ ವೇಗದಲ್ಲಿ ತಿರುಗಬೇಕು. ಕ್ರ್ಯಾಂಕಿನ ಹಲ್ಲುಚಕ್ರಕ್ಕಿಂತ ಎರಡರಷ್ಟು ಹಲ್ಲುಳ್ಳ ಚಕ್ರವನ್ನು ಕ್ಯಾಮಿಗೆ ತೊಡಿಸಿ, ಎರಡನ್ನೂ ಒಂದು ಚೈನಿನಿಂದ ಬಿಗಿದರೆ ಈ ಲೆಕ್ಕ ತಪ್ಪುವಂತಿಲ್ಲ. ನಿಮಿಷಕ್ಕೆ 3000 ಸುತ್ತು ಓಡುವ ಎಂಜಿನ್ನಿನಲ್ಲಿ ಪ್ರತಿಯೊಂದು ವಾಲ್ವೂ ಸೆಕೆಂಡಿಗೆ 25 ಸಲ ತೆರೆದು ಮುಚ್ಚುವುದು. ಇಪ್ಪತ್ತೈದು ಸಲವೂ ಸರಿಯಾದ ಗಳಿಗೆಯಲ್ಲಿಯೇ ಆಗಬೇಕು.

ಚೈನಿನಿಂದ ಕಾಲವನ್ನು ನಡೆಸುವ ಉಪಾಯವು ಹೊಸದಲ್ಲ. ಹನ್ನೊಂದನೆಯ ಶತಮಾನದ ಕೊನೆಯಲ್ಲಿ ಚೀನಾದೇಶದ ಸು ಸೊಂಗ್ ಎಂಬ ವಿದ್ವಾಂಸನು ಕಟ್ಟಿಸಿದ ಗಡಿಯಾರ ಗೋಪುರದಲ್ಲಿ ಇಂತಹ ಕೊನೆಯಿಲ್ಲದ ಸರಪಳಿಯಿತ್ತು. ಇಂದಿನ ರೋಲರ್ ಚೈನಿಗೆ ಮೂಲವಾದದ್ದನ್ನು ಸ್ವಿಟ್ಜರ್ಲೆಂಡಿನಿಂದ ಬಂದು ಮ್ಯಾಂಚೆಸ್ಟರಿನಲ್ಲಿ ನೆಲೆಸಿದ ಹ್ಯಾನ್ಸ್ ರೆನೋಲ್ಡ್ 1880ರಲ್ಲಿ ಕಂಡುಹಿಡಿದನು. ಸಿ.ಡಿ. 100ರ ಎಂಜಿನ್ನಿನ ಪೂರ್ವಜನಾದ ಹೋಂಡಾ ಸೂಪರ್ ಕಬ್ 1958ರಲ್ಲಿ ಹೊರಬಂದಾಗ ಅದರಲ್ಲಿ ಈ ಚೈನಿರಲಿಲ್ಲ, ತಳ್ಳುಕಡ್ಡಿಗಳಿದ್ದುವು. 1960ರ ದಶಕದ ನಡುವಿನಲ್ಲಿ ಕ್ಯಾಮು ತಲೆಯ ಮೇಲಕ್ಕೇರಿತು, ಚೈನು ಬಂದಿತು. ಮೇಷ್ಟರ ಗೋಣಿತಾಟಿನ ಮುಂದಿದ್ದ, 50 ಮಿಲಿಮೀಟರು ಅಗಲದ ಸಿಲಿಂಡರಿನಲ್ಲಿ 49.5 ಮಿಲಿಮೀಟರು ಓಡಾಡುವ ಪಿಸ್ಟನ್ನಿನ ಆ ಪುಟ್ಟ ಎಂಜಿನ್ನು ಇಷ್ಟು ದೊಡ್ಡ ವಂಶದ್ದೆಂದು ತಿಳಿದ ಮೇಲೆ ಅವರು ಅದನ್ನು ಸ್ವಲ್ಪ ಗೌರವದಿಂದಲೇ ಮುಟ್ಟಿದರು.

ಮೊದಲು ಪ್ಲಗ್ಗನ್ನು ತೆಗೆದರು. ಒಳಗೆ ಒತ್ತಡವಿಲ್ಲದಿದ್ದರೆ ಎಂಜಿನ್ನು ಕೈಗೆ ಸುಲಭವಾಗಿ ತಿರುಗುವುದು. ಬಳಿಕ ಎಡಮಗ್ಗುಲ ಮುಚ್ಚಳವನ್ನೂ ತಲೆಯ ಪಕ್ಕದ ಗುಂಡು ಮುಚ್ಚಳವನ್ನೂ ಬಿಚ್ಚಿದರು. ಅವಸರದ ಕುರುಹುಗಳು ಒಂದೊಂದಾಗಿ ಹೊರಬಿದ್ದುವು. ಹೊಸ ಗ್ಯಾಸ್ಕೆಟ್ಟು ಹಾಕುವ ಬದಲು ಹಳೆಯದಕ್ಕೇ ಅಂಟನ್ನು ಹೋಳಿಗೆಗೆ ತುಪ್ಪ ಬಳಿದಂತೆ ಧಾರಾಳವಾಗಿ ಬಳಿದಿತ್ತು. ಒಂದು ತಿರುಪು ಓರೆಯಾಗಿ ಏರಿತ್ತು. ಚೈನನ್ನು ಬಿಗಿಯಾಗಿ ಹಿಡಿಯುವ ಟೆನ್ಷನರಿನ ಕೆಳಗಡೆಯ ಬೋಲ್ಟನ್ನು ಬಿಚ್ಚಿ ನೋಡಿದರೆ, ಸೋತುಹೋದ ಹಳೆಯ ಸ್ಪ್ರಿಂಗನ್ನೇ ಕೈಯಿಂದ ಎಳೆದು ಉದ್ದಮಾಡಿ ಸೇರಿಸಿತ್ತು. ಪ್ರತಿಯೊಂದನ್ನು ಕಂಡಾಗಲೂ ಮೇಷ್ಟರು ತಪ್ಪು ಉತ್ತರಕ್ಕೆ ಕೆಂಪು ಗೆರೆ ಹಾಕುವಾಗಿನ ಹಳೆಯ ತೃಪ್ತಿಯನ್ನು ಅನುಭವಿಸಿದರು.

ಮುಖ್ಯವಾದ ತಪ್ಪು ಮುಂದೆ ಕಾದಿತ್ತು. ಗ್ಯಾರೇಜಿನವರು ಮ್ಯಾಗ್ನೆಟ್ಟು ಎನ್ನುವ ಭಾರದ ಚಕ್ರದ ಅಂಚಿನಲ್ಲಿ ‘ಟಿ’ ಎಂಬ ಗುರುತುಂಟು. ಅದು ಎಂಜಿನ್ನಿನ ಮೈಮೇಲಿನ ಗುರುತಿಗೆ ಎದುರಾದಾಗ ಪಿಸ್ಟನ್ನು ತನ್ನ ಓಟದ ತುತ್ತತುದಿಯಲ್ಲಿರುವುದು. ಅದೇ ಗಳಿಗೆಯಲ್ಲಿ ಕ್ಯಾಮಿನ ಹಲ್ಲುಚಕ್ರದ ಮೇಲೆ ಕೊರೆದ ಸಣ್ಣ ಸೊನ್ನೆಯು ಎಂಜಿನ್ನಿನ ತಲೆಯಲ್ಲಿರುವ ಕಚ್ಚಿಗೆ ನೇರವಾಗಿರಬೇಕು. ಮೇಷ್ಟರು ಮ್ಯಾಗ್ನೆಟ್ಟಿನ ನಟ್ಟಿಗೆ ಸ್ಪ್ಯಾನರು ಕೊಟ್ಟು ಮೆಲ್ಲಗೆ ತಿರುಗಿಸಿ ‘ಟಿ’ಯನ್ನು ಕೂಡಿಸಿದರು. ಸೊನ್ನೆಯು ಕಚ್ಚಿನಿಂದ ಒಂದು ಹಲ್ಲು ದೂರದಲ್ಲಿತ್ತು.

ಒಂದು ಹಲ್ಲು ಅಲ್ಪವೆಂದು ತೋರಬಹುದು. ಕ್ಯಾಮಿನ ಚಕ್ರಕ್ಕೆ 28 ಹಲ್ಲುಗಳೆಂದಿಟ್ಟುಕೊಂಡರೆ ಒಂದು ಹಲ್ಲೆಂದರೆ ಸುಮಾರು 13 ಡಿಗ್ರಿ. ಕ್ರ್ಯಾಂಕಿನ ಲೆಕ್ಕದಲ್ಲಿ ಅದರ ಎರಡರಷ್ಟು, ಸುಮಾರು 26. ಅಷ್ಟರಮಟ್ಟಿಗೆ ಬಾಗಿಲು ಹೊತ್ತು ತಪ್ಪಿ ತೆರೆದು ಹೊತ್ತು ತಪ್ಪಿ ಮುಚ್ಚುತ್ತಿದ್ದಿತು. ಅತಿಥಿ ಬಂದು ಹೋದ ಮೇಲೆ ಕದ ತೆಗೆಯುವ ಮನೆಯಂತಹ ಯಂತ್ರವು ಏರಿನಲ್ಲಿ ನಿಂತದ್ದರಲ್ಲಿ ಆಶ್ಚರ್ಯವೇನು? ಇನ್ನೂ ಹೆಚ್ಚು ತಪ್ಪಿದ್ದರೆ ಪಿಸ್ಟನ್ನು ಏರುವ ವೇಳೆಗೆ ವಾಲ್ವು ಅಡ್ಡವಿದ್ದು, ಎರಡೂ ಬಡಿದು ವಾಲ್ವು ಬಾಗುವ ಅಪಾಯವೂ ಇತ್ತು. ಮೇಷ್ಟರು ಮನೆಯಾಕೆಯನ್ನು ಕರೆದು ತೋರಿಸಿದರು. “ನೋಡಿದಿರಾ, ಒಂದು ಹಲ್ಲು! ಎರಡು ಗುರುತು ಕೂಡಿಸಲಾರದವನು ಅಂಗಡಿ ಇಟ್ಟಿದ್ದಾನೆ.”

ಅವರು ಚಕ್ರದ ಬೋಲ್ಟುಗಳನ್ನು ಬಿಚ್ಚಿದರು. ಚೈನು ಒಳಕ್ಕೆ ಜಾರಿ ಕೆಳಗಿನ ಹಲ್ಲುಗಳನ್ನು ಬಿಟ್ಟುಕೊಟ್ಟರೆ ಕೆಲಸ ಹತ್ತುಪಟ್ಟು ಬೆಳೆಯುವುದರಿಂದ ಅದನ್ನು ಒಂದು ತಂತಿಯಿಂದ ಬಿಗಿದು ಹಿಡಿದರು. ‘ಟಿ’ಯನ್ನು ಮತ್ತೊಮ್ಮೆ ನೋಡಿದರು. ಸೊನ್ನೆಯನ್ನು ಕಚ್ಚಿಗೆ ನೇರವಾಗಿಟ್ಟು, ಹಲ್ಲಿಗೆ ಚೈನನ್ನು ತೊಡಿಸಿ, ಚಕ್ರವನ್ನು ಕ್ಯಾಮಿಗೆ ಒತ್ತಿ ಬೋಲ್ಟು ಬಿಗಿದರು. ಹೊಸ ಸ್ಪ್ರಿಂಗು ಹಾಕಿ ಟೆನ್ಷನರನ್ನು ಬಿಟ್ಟರು. ಗುರುತುಗಳು ನೂಲು ಹಿಡಿದಂತಿದ್ದುವು. ಮುಚ್ಚಳ ಹಾಕುವ ಮುಂಚೆ ಎಂಜಿನ್ನನ್ನು ಕೈಯಿಂದಲೇ ಎರಡು ಪೂರ್ತಿ ಸುತ್ತು ತಿರುಗಿಸಿ ಗುರುತುಗಳನ್ನು ಮರಳಿ ನೋಡಬೇಕೆಂದು ಕೈಪಿಡಿ ಓದುವಾಗ ಬರೆದಿಟ್ಟುಕೊಂಡಿದ್ದರು. ಇದು ಅನಾವಶ್ಯಕವೆಂದು ತೋರಿದರೂ, ಪಾಠದಲ್ಲಿರುವುದನ್ನು ಬಿಡುವ ಅಭ್ಯಾಸವಿಲ್ಲದ್ದರಿಂದ ತಿರುಗಿಸಿದರು. ಒಂದು ಸುತ್ತು, ಎರಡು ಸುತ್ತು. ‘ಟಿ’ ಸರಿಯಾಗಿ ಬಂದು ನಿಂತಿತು. ಸೊನ್ನೆಯು ಕಚ್ಚಿನಿಂದ ಒಂದು ಹಲ್ಲು ದೂರದಲ್ಲಿತ್ತು.

ಮೇಷ್ಟರು ಕನ್ನಡಕವನ್ನು ಒರಸಿಕೊಂಡು ನೋಡಿದರು. ಮತ್ತೆರಡು ಸುತ್ತು ತಿರುಗಿಸಿದರು. ಅಂತರವು ಹಾಗೆಯೇ ಇತ್ತು. ಅದೇ ಹಲ್ಲು, ಅದೇ ಕಡೆಗೆ. ಯಾವ ತಪ್ಪಿಗಾಗಿ ನಾಲ್ಕು ಜನರ ಮುಂದೆ ಒಬ್ಬನ ತಲೆ ತಗ್ಗಿಸಿದ್ದರೋ ಆ ತಪ್ಪೇ ಈಗ ಅವರ ಸ್ವಂತ ಕೈಯಿಂದ, ಹಾಡುಹಗಲಿನಲ್ಲಿ, ಮೂರು ದಿನ ಪುಸ್ತಕ ಓದಿದ ಮೇಲೆ, ಅಚ್ಚು ತೆಗೆದಂತೆ ಹೊರಬಿದ್ದಿತ್ತು.

ಅವರು ಬಹಳ ಹೊತ್ತು ಸುಮ್ಮನೆ ಕುಳಿತರು. ಹಿತ್ತಲ ಬಾಗಿಲ ಮೆಟ್ಟಿಲ ಮೇಲೆ ಮನೆಯಾಕೆ ಸಂಜೆಯ ಪೂಜೆಗೆ ಕಾಕಡ ಹೂ ಕಟ್ಟುತ್ತಿದ್ದರು. ದಾರದ ಒಂದು ತುದಿಯನ್ನು ಕಾಲಿನ ಹೆಬ್ಬೆರಳಿಗೆ ಸಿಕ್ಕಿಸಿ ಎಳೆದು ಹಿಡಿದಿದ್ದರು. ಕಟ್ಟುವ ಮಗ್ಗುಲು ಬಿಗಿಯಾಗಿತ್ತು, ಸಡಿಲವೆಲ್ಲವೂ ಉಂಡೆಯ ಕಡೆಗಿತ್ತು. ಮೇಷ್ಟರು ನೋಡುತ್ತಲೇ ಇದ್ದುದನ್ನು ಕಂಡು, “ಏನು ಹಾಗೆ ನೋಡುತ್ತೀರಿ?” ಎಂದರು. “ಆ ದಾರವನ್ನು ಕಾಲಿಗೇಕೆ ಸಿಕ್ಕಿಸಿಕೊಂಡಿದ್ದೀರಿ?” “ಇದೇನು ಪ್ರಶ್ನೆ? ಈ ಕಡೆ ಸಡಿಲ ಬಿಟ್ಟರೆ ಕಟ್ಟುವಾಗ ಸರಿಯಾಗಿ ಕಂಡದ್ದು ಎತ್ತಿ ಹಿಡಿದಾಗ ಜರುಗಿಹೋಗುತ್ತದೆ.”

ಅಷ್ಟೇ ಆಗಿತ್ತು. ಚೈನಿಗೆ ಎರಡು ಮಗ್ಗುಲುಗಳುಂಟು: ಕ್ರ್ಯಾಂಕು ಎಳೆಯುವ ಮಗ್ಗುಲೊಂದು, ಟೆನ್ಷನರು ಒತ್ತುವ ಮಗ್ಗುಲಿನ್ನೊಂದು. ಮೇಷ್ಟರು ಚಕ್ರ ತೊಡಿಸುವಾಗ ಎಳೆಯುವ ಮಗ್ಗುಲಲ್ಲಿಯೇ ಸಡಿಲವನ್ನು ಬಿಟ್ಟಿದ್ದರು. ನಿಂತಾಗ ಗುರುತುಗಳು ಕೂಡಿದಂತೆ ಕಂಡುವು. ಎಂಜಿನ್ನು ತಿರುಗಿ ಆ ಸಡಿಲವು ಎಳೆದುಹೋದೊಡನೆ ಕ್ಯಾಮು ಒಂದು ಹಲ್ಲು ಹಿಂದುಳಿಯಿತು. ಶಿಷ್ಯನಿಗೂ ಆದದ್ದು ಇದೇ. ಆತನು ಗುರುತು ಕೂಡಿಸಿಯೇ ಇದ್ದನು. ಆದರೆ ಎರಡು ಸುತ್ತು ತಿರುಗಿಸಿ ನೋಡಲಿಲ್ಲ. ಏಕೆ ನೋಡಲಿಲ್ಲವೆಂಬುದಕ್ಕೆ ಉತ್ತರವನ್ನು ಹುಡುಕಿಕೊಂಡು ಮೇಷ್ಟರು ದೂರ ಹೋಗಬೇಕಾಗಿರಲಿಲ್ಲ. ಐದಕ್ಕೆ ಬಾಗಿಲಲ್ಲಿ ನಿಂತವರು ಯಾರು, ಆರಕ್ಕೆ ಕೆಮ್ಮಿದವರು ಯಾರು, ಏಳಕ್ಕೆ ಗಡಿಯಾರ ನೋಡಿದವರು ಯಾರು ಎಂಬುದು ಅವರಿಗೆ ಚೆನ್ನಾಗಿ ಗೊತ್ತಿತ್ತು. ಹೊಸ ಸ್ಪ್ರಿಂಗಿಗೂ ಹೊಸ ಗ್ಯಾಸ್ಕೆಟ್ಟಿಗೂ ಪೇಟೆಗೆ ಆಳು ಕಳುಹಿಸುವಷ್ಟು ಹೊತ್ತನ್ನೂ ಅಂದು ಅವರು ಕೊಟ್ಟಿರಲಿಲ್ಲ.

ತಪ್ಪು ಮಾಡಿದವನಿಗೂ ತಪ್ಪು ಕಂಡುಹಿಡಿದವನಿಗೂ ನಡುವೆ ಇರುವ ಅಂತರವು ಅನೇಕ ವೇಳೆ ಜ್ಞಾನದ್ದಲ್ಲ, ಬಿಡುವಿನದು. ಮೇಷ್ಟರಿಗೆ ಹೊಂಗೆಯ ನೆರಳಿತ್ತು, ದಿನವೆಲ್ಲ ಇತ್ತು, ಬಾಗಿಲಲ್ಲಿ ನಿಂತು ಕೆಮ್ಮುವವರಿರಲಿಲ್ಲ. ಮೂವತ್ತು ವರ್ಷ ಪಾಠ ಹೇಳಿದ ಕೋಣೆಯಲ್ಲಿಯೂ ಗಂಟೆ ಬಾರಿಸುವುದರೊಳಗೆ ಉತ್ತರ ಬರೆಯಲಾರದೆ ಸೋತ ಹುಡುಗರಿದ್ದರು. ಅವರಲ್ಲಿ ಎಷ್ಟು ಮಂದಿ ನಿಜವಾಗಿ ಅರಿಯದವರು, ಎಷ್ಟು ಮಂದಿ ಎರಡು ಸುತ್ತು ತಿರುಗಿಸಿ ನೋಡುವಷ್ಟು ಹೊತ್ತು ಸಿಕ್ಕದವರು ಎಂಬ ಯೋಚನೆಯು ಅವರಿಗೆ ಹಿಂದೆಂದೂ ಬಂದಿರಲಿಲ್ಲ.

ಎರಡನೆಯ ಸಲ ಅವರು ಎಳೆಯುವ ಮಗ್ಗುಲನ್ನು ಮೊದಲು ಬಿಗಿಹಿಡಿದು, ಸಡಿಲವನ್ನೆಲ್ಲ ಟೆನ್ಷನರಿನ ಕಡೆಗೆ ಸರಿಸಿ, ಚಕ್ರವನ್ನು ತೊಡಿಸಿದರು. ಎರಡು ಸುತ್ತಿನ ಮೇಲೂ, ನಾಲ್ಕು ಸುತ್ತಿನ ಮೇಲೂ ಸೊನ್ನೆಯು ಕಚ್ಚನ್ನು ಬಿಡಲಿಲ್ಲ. ಎರಡು ವಾಲ್ವುಗಳೂ ಮುಚ್ಚಿರುವ ಆ ಸ್ಥಿತಿಯಲ್ಲಿಯೇ ಟ್ಯಾಪೆಟ್ಟಿನ ಸಂದನ್ನು ಸರಿಮಾಡಬೇಕು. ಅದು ಒಂದು ಮಿಲಿಮೀಟರಿನ ಹತ್ತನೆಯ ಒಂದು ಪಾಲಿಗಿಂತಲೂ ಕಿರಿದು. ಫೀಲರ್ ಗೇಜಿನ ತೆಳುವಾದ ಪಟ್ಟಿಯನ್ನು ತೂರಿಸಿ ಅದನ್ನೂ ಮುಗಿಸಿದರು. ಅಂಟನ್ನು ಕೆರೆದು, ಹೊಸ ಗ್ಯಾಸ್ಕೆಟ್ಟುಗಳನ್ನಿಟ್ಟು, ಮುಚ್ಚಳಗಳನ್ನು ಬಿಗಿದು, ಎಣ್ಣೆಯನ್ನು ತುಂಬಿದರು. ಮೂರನೆಯ ಕಿಕ್ಕಿಗೆ ಗಾಡಿ ಹೊರಟಿತು. ಮನೆಯಾಕೆ ತಟ್ಟೆಗಳನ್ನು ಎಣಿಸಿ, ಅವುಗಳಲ್ಲಿ ತಿರುಪೊಂದೂ ಮಿಕ್ಕಿಲ್ಲವೆಂದು ನೋಡಿಕೊಂಡು ಒಳಕ್ಕೆ ಹೋದರು.

ಸಂಜೆ ಮೇಷ್ಟರು ಗಾಡಿಯನ್ನು ಗ್ಯಾರೇಜಿನ ಮುಂದೆ ನಿಲ್ಲಿಸಿದರು. ಅಂದಿನಂತೆಯೇ ಗಿರಾಕಿಗಳಿದ್ದರು, ಕೆಲಸ ಕಲಿಯುವ ಹುಡುಗರಿಬ್ಬರೂ ಇದ್ದರು. ಮಾತು ಆಡಿದ್ದು ಎಲ್ಲರ ಮುಂದಾದ್ದರಿಂದ ಹಿಂತೆಗೆದುಕೊಳ್ಳುವುದೂ ಎಲ್ಲರ ಮುಂದೆಯೇ ಆಗಬೇಕೆಂದು ಅವರು ದಾರಿಯಲ್ಲಿ ನಿಶ್ಚಯಿಸಿದ್ದರು. “ಒಂದು ಹಲ್ಲು ಆಚೀಚೆಯಾಗಿತ್ತಪ್ಪ,” ಎಂದರು, “ನಾನು ಕೂಡಿಸಿದೆ, ನನಗೂ ಒಂದು ಹಲ್ಲು ಆಚೀಚೆಯಾಯಿತು. ನನಗೆ ಇಡೀ ದಿನವಿತ್ತು. ನಿನಗೆ ನಾನು ಎರಡು ಗಂಟೆ ಕೊಡಲಿಲ್ಲ. ಅಂದು ನಾನು ಆಡಿದ ಮಾತು ಆಡಬಾರದಾಗಿತ್ತು.”

ಆತ ಏನೆಂದು ಹೇಳಲೂ ತೋರದೆ, “ಅಯ್ಯೋ, ಅದೇನ್ ಬಿಡಿ ಸಾರ್” ಎಂದು ಗಾಡಿಯ ಹತ್ತಿರ ಬಂದ. ಓಡುತ್ತಿದ್ದ ಎಂಜಿನ್ನಿಗೆ ಕಿವಿಯೊಡ್ಡಿದ. “ಟೈಮಿಂಗ್ ಸರ್ಯಾಗಿ ಐತೆ. ಎಗ್ಜಾಸ್ಟ್ ಟ್ಯಾಪೆಟ್ ಮಾತ್ರ ಒಂಚೂರು ಸಡಿಲ.”

“ಗೇಜು ಹಾಕಿ ನೋಡಿದ್ದೇನೆ, ಸರಿಯಾಗಿದೆ.”

“ಗೇಜು ಸುಳ್ಳು ಹೇಳಲ್ಲ ಸಾರ್. ಆದ್ರೆ ಹಳೇ ಗಾಡಿ. ಟ್ಯಾಪೆಟ್ ತುದೀಲಿ ತಗ್ಗು ಬಿದ್ದಿರ್ತದೆ. ನಿಮ್ಮ ಪಟ್ಟಿ ಆ ತಗ್ಗಿನ ಮ್ಯಾಲೆ ಸೇತುವೆ ಥರ ಕೂತ್ಕೊಂಡು ಅಷ್ಟೇ ಸಂದು ತೋರಿಸ್ತದೆ. ಒಳಗಿರೋ ತಗ್ಗು ಅದಕ್ಕೆ ಕಾಣಲ್ಲ. ಕೈಗೇ ಗೊತ್ತಾಗಬೇಕು.”

ಮೇಷ್ಟರು ತಲೆದೂಗಿದರು. ಅಳತೆಗೋಲು ಸತ್ಯವಂತನಾದರೂ ತಾನು ಕೂತ ಜಾಗವನ್ನಷ್ಟೇ ಅದು ಅಳೆಯಬಲ್ಲುದೆಂಬ ಪಾಠವನ್ನು ಅವರು ಅಷ್ಟು ವರ್ಷಗಳಲ್ಲಿ ಯಾವ ತರಗತಿಗೂ ಹೇಳಿರಲಿಲ್ಲ.

“ಈಗ ಎಂಜಿನ್ ಬಿಸಿ ಐತೆ. ಗಾಡಿ ಇಲ್ಲೇ ಬಿಟ್ಟು ಹೋಗಿ, ಬೆಳಿಗ್ಗೆ ತಣ್ಣಗಿದ್ದಾಗ ನೋಡ್ತೀನಿ” ಎಂದ ಆತನು, ಒಂದು ಕ್ಷಣ ತಡೆದು, “ಅವಸರ ಇಲ್ಲ ತಾನೆ ಸಾರ್?” ಎಂದು ಕೇಳಿದ.

“ಅವಸರವಿಲ್ಲಪ್ಪ” ಎಂದು ಮೇಷ್ಟರು ಬೀಗದ ಕೈಯನ್ನು ಕೊಟ್ಟು, ರೈಲ್ವೆ ಗೇಟಿನ ದಾರಿ ಹಿಡಿದು ಮನೆಗೆ ನಡೆದುಕೊಂಡು ಹೊರಟರು.

ಆಗಸ್ಟಿನ ಶಿಬಿರಕ್ಕೆ ಅಕ್ಕ ಅದೇ ಬೈಕಿನ ಹಿಂದೆ ಒಂದು ಮಗ್ಗುಲಾಗಿ ಕುಳಿತು ಬಂದಳು. ಮೇಷ್ಟರು ಹಾರನಹಳ್ಳಿ ತಲಪಿದಾಗ ಗಂಟೆ ಇನ್ನೂ ಏಳಾಗಿರಲಿಲ್ಲ. ಆದರೂ ಆಕೆ ಚೀಲ ಹಿಡಿದು ಜಗಲಿಯ ಮೇಲೆ ಆಗಲೇ ಕುಳಿತಿದ್ದಳು.